ಬಿರಡೆ ಜಾರಿದರೆ ಶ್ರುತಿ ನಿಲ್ಲದು

ಕಳೆದ ಆಷಾಢದ ಒಂದು ಸಂಜೆ ನಮ್ಮ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರು ನನ್ನ ಕಚೇರಿಗೆ ಬಂದರು. ಕಕ್ಷಿದಾರರ ಸಾಲಿನಲ್ಲಿ ಅವರು ಸುಮ್ಮನೆ ಕುಳಿತಿದ್ದುದನ್ನು ಕಂಡು, ಶಾಲೆಗೆ ಏನೋ ವ್ಯಾಜ್ಯ ಬಂದೊದಗಿತೆಂದು ನಾನು ಗಾಬರಿಗೊಂಡೆ. ವ್ಯಾಜ್ಯವೇನೂ ಇರಲಿಲ್ಲ. ನಿವೃತ್ತ ಸಂಗೀತ ಅಧ್ಯಾಪಕಿಯೊಬ್ಬರು ಶಾಲೆಗೆ ಕೊಟ್ಟಿದ್ದ ಹಳೆಯ ವೀಣೆಯ ಒಂದು ಬಿರಡೆ ಜಾರುತ್ತಿತ್ತು. ತಂತಿಯನ್ನು ಶ್ರುತಿಗೆ ತಂದು ಕೈ ಬಿಟ್ಟೊಡನೆ ಬಿರಡೆ ಹಿಂದಕ್ಕೆ ಹೊರಳುತ್ತಿತ್ತು, ತಂತಿ ಸಡಿಲವಾಗುತ್ತಿತ್ತು. ಒಂದು ವರ್ಷದಿಂದ ವೀಣೆ ಬೀರುವಿನ ಮೇಲೆ ಮಲಗಿದೆಯೆಂದು ಅವರು ತಿಳಿಸಿದರು. “ನಿಮ್ಮ ಮನೇಲಿ ಲೇತ್ ಇದೆಯಲ್ಲ ಸಾರ್, ಒಂದು ಬಿರಡೆ ಮಾಡಿಕೊಟ್ಟರೆ ಮಕ್ಕಳಿಗೆ ಅನುಕೂಲ ಆಗತ್ತೆ” ಎಂದರು.

ಈ ಅಂಕಣದ ಓದುಗರಿಗೆ ನನ್ನ ಲೇತಿನ ಪರಿಚಯವಿದೆ. ಚಕ್ಕಿನಿಂದ ಟೇಲ್‌ಸ್ಟಾಕಿನವರೆಗೆ 350 ಮಿ.ಮೀ. ಅಂತರವಿರುವ, ಮೇಜಿನ ಮೇಲೆ ಕೂರುವ ಸಣ್ಣ ಯಂತ್ರ ಅದು. ಹೊಸೂರಿನಲ್ಲಿ ಲೇತ್ ಎಂದರೆ ಯಾರಿಗೂ ಬೆರಗಿಲ್ಲ. ನಮ್ಮ ಓದುಗರ ಮನೆಗಳಲ್ಲಿ ತಂದೆಯೋ ಅಣ್ಣನೋ ಮಾವನೋ ಸಿಪ್ಕಾಟಿನ ಯಾವುದಾದರೂ ಕಾರ್ಖಾನೆಯಲ್ಲಿ ಇಂಥ ಯಂತ್ರಗಳ ಮುಂದೆ ನಿಂತು ದುಡಿಯುವವರೇ. ಅವರಿಗೆ ಅದು ಅನ್ನ. ನನಗೆ ಕೋರ್ಟಿನ ದಿನ ಮುಗಿದ ಮೇಲಿನ ಬಿಡುವು. ಅನ್ನಕ್ಕೂ ಬಿಡುವಿಗೂ ಇರುವ ಅಂತರ ಎಷ್ಟೆಂಬುದು ಆ ವಾರವೇ ನನಗೆ ಮನವರಿಕೆಯಾಯಿತು.

ಮೊದಲು ಬಿರಡೆಯ ವಿಚಾರ. ಕನ್ನಡದಲ್ಲಿ ಬಾಟಲಿಯ ಬಾಯಿಗೆ ತುರುಕುವುದೂ ಬಿರಡೆಯೇ, ವೀಣೆಯ ತಂತಿ ಬಿಗಿಯುವುದೂ ಬಿರಡೆಯೇ. ಎರಡರ ಆಕಾರವೂ ಒಂದೇ: ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ, ನಡುವೆ ಸಮನಾದ ಇಳಿತ. ಗಣಿತ ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಅದು ಶಂಕುವಿನ ಭಿನ್ನಕ. ಕಾರ್ಖಾನೆಯ ಭಾಷೆಯಲ್ಲಿ ಟೇಪರ್. ಇಳಿತ ಮೃದುವಾಗಿದ್ದಾಗ ಈ ಆಕಾರಕ್ಕೆ ಒಂದು ವಿಶೇಷ ಗುಣ ಒದಗುತ್ತದೆ. ಅಷ್ಟೇ ಇಳಿತವಿರುವ ರಂಧ್ರದೊಳಗೆ ಅದನ್ನು ಸ್ವಲ್ಪ ಒತ್ತಿದರೆ ಸಾಕು, ಸುತ್ತಲಿನ ಮೈಯೆಲ್ಲ ರಂಧ್ರದ ಮೈಗೆ ಅಂಟಿ, ಘರ್ಷಣೆಯ ಬಲದಿಂದಲೇ ಕಚ್ಚಿ ನಿಲ್ಲುತ್ತದೆ. ತಿರುಪು ಬೇಡ, ಆಣಿ ಬೇಡ. ಲೇತಿನ ಟೇಲ್‌ಸ್ಟಾಕಿನಲ್ಲಿ ದೊಡ್ಡ ಡ್ರಿಲ್ಲುಗಳು ನಿಲ್ಲುವುದು ಹೀಗೆಯೇ. 1863ರಲ್ಲಿ ಸುರುಳಿ ಡ್ರಿಲ್ಲಿಗೆ ಪೇಟೆಂಟ್ ಪಡೆದ ಅಮೆರಿಕದ ಸ್ಟೀಫನ್ ಮೋರ್ಸ್ ಅವರ ಹೆಸರನ್ನೇ ಈ ಇಳಿತ ಇಂದಿಗೂ ಹೊತ್ತಿದೆ. ‘ಮೋರ್ಸ್ ಟೇಪರ್’ ಎಂದರೆ ಸುಮಾರು 20 ಮಿ.ಮೀ. ಉದ್ದಕ್ಕೆ 1 ಮಿ.ಮೀ. ವ್ಯಾಸ ಇಳಿಯುವುದು. ಇಂದಿನ ವಯೊಲಿನ್ನಿನ ಬಿರಡೆಗೆ ರೂಢಿಯಾದ ಇಳಿತ 30ಕ್ಕೆ 1. ನಮ್ಮ ಶಾಲೆಯ ವೀಣೆಯ ರಂಧ್ರಗಳಾದರೋ ಯಾವನೋ ಕುಶಲಿ ಕೈಯಿಂದ ಕೊರೆದವು. ಅವಕ್ಕೆ ಅಂಗಡಿಯ ಬಿರಡೆ ಒಪ್ಪದು. ಅಳೆದೇ ಮಾಡಬೇಕು.

ಅಳೆದೆ. ಬಿರಡೆ ವೀಣೆಯ ಪೆಟ್ಟಿಗೆಯಂಥ ಭಾಗದ ಎರಡೂ ಗೋಡೆಗಳನ್ನು ಹಾಯ್ದು ನಿಲ್ಲುತ್ತದೆ. ಹತ್ತಿರದ ಗೋಡೆಯ ರಂಧ್ರ 12.4 ಮಿ.ಮೀ., ದೂರದ ಗೋಡೆಯದು 10 ಮಿ.ಮೀ., ಇವೆರಡರ ನಡುವಿನ ದೂರ 48 ಮಿ.ಮೀ. 48ಕ್ಕೆ 2.4 ಇಳಿಯಿತೆಂದರೆ 20ಕ್ಕೆ 1. ಲೆಕ್ಕ ಇಲ್ಲಿಯವರೆಗೆ ಸರಿಯಾಗಿಯೇ ಇತ್ತು.

ತಪ್ಪಿದ್ದು ಮುಂದೆ. ಲೇತಿನಲ್ಲಿ ಟೂಲ್ ಪೋಸ್ಟನ್ನು ಹೊತ್ತ ಕಾಂಪೌಂಡ್ ಸ್ಲೈಡ್ ಎಂಬ ಚಿಕ್ಕ ಜಾರುಪಟ್ಟಿಯೊಂದಿದೆ. ಅದನ್ನು ಬೇಕಾದ ಕೋನಕ್ಕೆ ತಿರುಗಿಸಿ, ಅದರ ಹಿಡಿಯನ್ನು ಕೈಯಿಂದ ಸುತ್ತುತ್ತ ಟೇಪರ್ ಕಡೆಯಬಹುದು. ಅದರ ತಳದಲ್ಲಿ ಡಿಗ್ರಿಗಳ ಗೆರೆಗಳಿವೆ. ನನಗೆ ಬೇಕಿದ್ದುದು ಒಂದೂವರೆ ಡಿಗ್ರಿಗಿಂತ ಕೊಂಚ ಕಡಿಮೆ, ಗೆರೆಗಳಿರುವುದು ಡಿಗ್ರಿಗೊಂದು. ಕಣ್ಣಳತೆಯಲ್ಲಿ ನಡುವೆ ಎಲ್ಲೋ ನಿಲ್ಲಿಸಿದೆ. ಸ್ಲೈಡಿನ ಓಟ 55 ಮಿ.ಮೀ. ಮಾತ್ರವಾದ್ದರಿಂದ ಎರಡು ಕಂತಿನಲ್ಲಿ ಕಡೆಯಬೇಕಾಯಿತು. ಕಂತುಗಳು ಕೂಡುವಲ್ಲಿ ಒಂದು ಸಣ್ಣ ಮೆಟ್ಟಿಲು ಉಳಿಯಿತು. ಅದನ್ನು ಉಪ್ಪುಕಾಗದದಿಂದ ಉಜ್ಜಿ ಮರೆಮಾಡಿದೆ. ನೋಡಲು ಬಿರಡೆ ಚೆನ್ನಾಗಿತ್ತು.

ವೀಣೆಗೆ ತೊಡಿಸಿದಾಗ ಅದು ಹತ್ತಿರದ ಗೋಡೆಯಲ್ಲಿ ಬಿಗಿಯಾಗಿ, ದೂರದ ಗೋಡೆಯಲ್ಲಿ ಅಲುಗಾಡುತ್ತಿತ್ತು. ಒತ್ತಿದರೆ ಕೂತೀತೆಂದು ಒತ್ತಿದೆ. ಇನ್ನೂ ಸ್ವಲ್ಪ ಒತ್ತಿದೆ. ಸಣ್ಣದೊಂದು ಸದ್ದಾಯಿತು. ಹಲಸಿನ ಮರದ ಗೋಡೆಯಲ್ಲಿ, ಎಳೆಯ ಉದ್ದಕ್ಕೂ, ಕೂದಲೆಳೆಯಷ್ಟು ತೆಳ್ಳಗಿನ ಬಿರುಕು.

ನನ್ನ ವೃತ್ತಿಯಲ್ಲಿ ತಪ್ಪಿನ ಹೊಣೆಯನ್ನು ಬೇರೆಡೆಗೆ ಸಾಗಿಸುವ ದಾರಿಗಳು ನನಗೆ ತಿಳಿಯದವಲ್ಲ. ವೀಣೆ ಹಳೆಯದು, ಮರ ಒಣಗಿದೆ, ಬಿರುಕು ಮೊದಲೇ ಇದ್ದಿರಬೇಕು ಎಂದಿದ್ದರೆ ಯಾರೂ ಪಾಟಿಸವಾಲು ಮಾಡುತ್ತಿರಲಿಲ್ಲ. ರಾತ್ರಿಯಿಡೀ ಆ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಯೂ ನೋಡಿದೆನೆಂದು ಒಪ್ಪಿಕೊಳ್ಳಬೇಕು. ಬೆಳಗ್ಗೆ ಶಾಲೆಗೆ ಹೋಗಿ ಇದ್ದುದನ್ನು ಇದ್ದಂತೆಯೇ ಹೇಳಿದೆ. ಮುಖ್ಯೋಪಾಧ್ಯಾಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಸರಿಯಾಗಿ ಮಾಡೋದು ಹೇಗೆ ಅಂತ ಗೊತ್ತಾದ ಮೇಲೆ ಹತ್ತನೇ ಕ್ಲಾಸಿನ ಮಕ್ಕಳಿಗೂ ತೋರಿಸಿ ಸಾರ್” ಎಂದರು. ದಂಡ ವಿಧಿಸುವುದಿದ್ದರೆ ಇದಕ್ಕಿಂತ ತಕ್ಕ ದಂಡ ಇರಲಾರದು.

ಬಿರುಕನ್ನು ವಾದ್ಯ ರಿಪೇರಿ ಬಲ್ಲ ಬಡಗಿಯೊಬ್ಬರು ತೆಳು ಅಂಟು ಇಳಿಸಿ, ಹಗುರಾಗಿ ಬಿಗಿದು ಕೂಡಿಸಿಕೊಟ್ಟರು. ನಾನು ನಮ್ಮ ಬೀದಿಯ ಹಿರಿಯ ಟರ್ನರ್ ಒಬ್ಬರ ಬಳಿ ಹೋದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಾರ್ಖಾನೆಯಲ್ಲಿ ತಮಿಳು ಆಡುತ್ತ ನಾಲ್ಕು ದಶಕ ಲೇತಿನ ಮುಂದೆ ನಿಂತವರು. ನನ್ನ ಬಿರಡೆಯನ್ನು ಬೆರಳಲ್ಲಿ ಒಮ್ಮೆ ಹೊರಳಿಸಿದರು. “ಲಾಯರ್ ಸಾರ್, ಡಿಗ್ರಿ ಗೆರೆ ನೋಡ್ಕೊಂಡು ಟೇಪರ್ ಹೊಡೆಯೋಕಾಗಲ್ಲ. ಕೋನಾನ ಉದ್ದದಲ್ಲಿ ಅಳೀಬೇಕು” ಎಂದರು. ಆಮೇಲೆ ಅಳೆದು ನೋಡಿದಾಗ ನಾನು ಕಡೆದಿದ್ದ ಕೋನ ಸುಮಾರು ಎರಡು ಡಿಗ್ರಿ ಎಂದು ತಿಳಿಯಿತು. ಅರ್ಧ ಡಿಗ್ರಿಗೂ ಕೊಂಚ ಹೆಚ್ಚಿನ ತಪ್ಪು 48 ಮಿ.ಮೀ. ದೂರದಲ್ಲಿ ಸುಮಾರು 1 ಮಿ.ಮೀ. ಸಂದಾಗಿತ್ತು. ಒತ್ತಿದ ಬಲವೆಲ್ಲ ಒಂದೇ ಗೋಡೆಯ ಮೇಲೆ ಬೆಣೆಯಂತೆ ಬಿದ್ದುದರಿಂದಲೇ ಅದು ಬಿರಿದಿತ್ತು.

ಟೇಪರ್ ಕಡೆಯಲು ಇನ್ನೆರಡು ದಾರಿಗಳನ್ನು ಅವರು ವಿವರಿಸಿದರು. ಒಂದು, ಟೇಲ್‌ಸ್ಟಾಕನ್ನು ಪಕ್ಕಕ್ಕೆ ಸರಿಸುವುದು. ಎರಡು ಮೊನೆಗಳ ನಡುವೆ ಮರವನ್ನು ಹಿಡಿದು, ಒಂದು ಮೊನೆಯನ್ನು ಓರೆಗೆ ಸರಿಸಿದರೆ ನೇರವಾಗಿ ಸಾಗುವ ಟೂಲೇ ಇಳಿತವನ್ನು ಕಡೆಯುತ್ತದೆ. 120 ಮಿ.ಮೀ. ಉದ್ದದ ತುಂಡಿಗೆ 20ಕ್ಕೆ 1ರ ಇಳಿತ ಬೇಕಾದರೆ 3 ಮಿ.ಮೀ. ಸರಿಸಿದರಾಯಿತು. ಸುಲಭವೆನಿಸಿದರೂ ತೊಡಕುಗಳಿವೆ. ತುಂಡಿನ ಉದ್ದ ಬದಲಾದರೆ ಇಳಿತವೂ ಬದಲಾಗುತ್ತದೆ. ಮೊನೆಗಳು ತಮ್ಮ ಕುಳಿಗಳಲ್ಲಿ ಓರೆಯಾಗಿ ಉಜ್ಜುತ್ತವೆ. ರಂಧ್ರದ ಒಳಮೈಗೆ ಟೇಪರ್ ಕೊಡಲು ಈ ದಾರಿ ಬಾರದು. ಕೆಲಸ ಮುಗಿದ ಮೇಲೆ ಟೇಲ್‌ಸ್ಟಾಕನ್ನು ಮತ್ತೆ ನೇರಕ್ಕೆ ತರಲು ಅರ್ಧ ದಿನ ಹೋಗುತ್ತದೆ. ಇನ್ನೊಂದು ದಾರಿ ಟೇಪರ್ ಅಟ್ಯಾಚ್‌ಮೆಂಟ್ ಎಂಬ ಜೋಡಣೆ. ದೊಡ್ಡ ಲೇತುಗಳಿಗೆ ಅದು ಕೊಳ್ಳಲು ಸಿಗುತ್ತದೆ. ನನ್ನಂಥ ಸಣ್ಣ ಯಂತ್ರಕ್ಕೆ ನಾವೇ ಮಾಡಿಕೊಳ್ಳಬೇಕು.

ಅದರ ತತ್ತ್ವ ಸರಳ. ಲೇತಿನ ಬೆನ್ನಿಗೆ ಒಂದು ದಾರಿಪಟ್ಟಿಯನ್ನು ಬೇಕಾದಷ್ಟು ಓರೆಯಾಗಿ ಬಿಗಿಯುವುದು. ಅದರ ಮೇಲೆ ಜಾರುವ ಹಿತ್ತಾಳೆಯ ಪಾದವೊಂದನ್ನು ಟೂಲ್ ಹೊತ್ತ ಕ್ರಾಸ್ ಸ್ಲೈಡಿಗೆ ಜೋಡಿಸುವುದು. ಕ್ರಾಸ್ ಸ್ಲೈಡನ್ನು ಅದರ ತಿರುಪಿನ ಹಿಡಿತದಿಂದ ಬಿಡಿಸುವುದು. ಈಗ ಕ್ಯಾರೇಜು ಹಾಸಿನ ಮೇಲೆ ನೇರವಾಗಿ ಸಾಗುತ್ತಿದ್ದಂತೆ ಟೂಲ್ ಓರೆಪಟ್ಟಿಯನ್ನು ಅನುಸರಿಸಿ ತಾನೇ ಹಿಂದೆ ಸರಿಯುತ್ತದೆ. ಟೇಲ್‌ಸ್ಟಾಕ್ ತನ್ನ ನೇರದಲ್ಲಿಯೇ ಇರುತ್ತದೆ. ತುಂಡಿನ ಉದ್ದ ಎಷ್ಟಿದ್ದರೂ ಇಳಿತ ಬದಲಾಗದು.

ಹತ್ತನೆಯ ತರಗತಿಯ ಮೂವರು ಮಕ್ಕಳು ನಾಲ್ಕು ಶನಿವಾರ ನಮ್ಮ ಮನೆಗೆ ಬಂದರು. ಮೊದಲ ಶನಿವಾರ ಕಪ್ಪುಹಲಗೆಯ ಮೇಲೆ ಲೆಕ್ಕ. ದಾರಿಪಟ್ಟಿಯ ಒಂದು ತುದಿ ಕೀಲಿನ ಮೇಲೆ ತಿರುಗುತ್ತದೆ. ಕೀಲಿನಿಂದ ಸರಿಯಾಗಿ 200 ಮಿ.ಮೀ. ದೂರದಲ್ಲಿ ಇನ್ನೊಂದು ಪಿನ್ನು. ಆ ಪಿನ್ನನ್ನು ಎಷ್ಟು ಸರಿಸಬೇಕು? ನಾನು ಜಂಬದಿಂದ ಬರೆದೆ: ಇಳಿತ 20ಕ್ಕೆ 1, ಆದ್ದರಿಂದ 200ಕ್ಕೆ 10 ಮಿ.ಮೀ. ಹಿಂದೆ ಕುಳಿತಿದ್ದ ಹುಡುಗಿ ಅನುಮಾನಿಸುತ್ತಲೇ ಎದ್ದು ನಿಂತಳು. “ಸಾರ್, ಬಿರಡೆ ತಿರುಗ್ತಾ ಇರತ್ತಲ್ವಾ? ಟೂಲ್ ಈ ಕಡೆ ಒಂದು ಮಿಲಿಮೀಟರ್ ತಿಂದ್ರೆ ಆ ಕಡೇನೂ ಒಂದು ಹೋಗತ್ತೆ. ಹಂಗಾದ್ರೆ ಅರ್ಧ ಸಾಕಲ್ವಾ?”

ಆಕೆಯ ಮಾತು ಸರಿ. ಇಳಿತವನ್ನು ಹೇಳುವುದು ವ್ಯಾಸದಲ್ಲಿ. ಟೂಲ್ ಸಾಗುವುದು ತ್ರಿಜ್ಯದಲ್ಲಿ. ಅಭಿಮುಖ ಬಾಹು 1, ಪಾರ್ಶ್ವ ಬಾಹು 40; ಟ್ಯಾನ್ ಬೆಲೆ ನಲವತ್ತರಲ್ಲೊಂದು; ಕೋನ ಸುಮಾರು 1.43 ಡಿಗ್ರಿ. ಪಿನ್ನು ಸರಿಯಬೇಕಾದದ್ದು 5 ಮಿ.ಮೀ. ನನ್ನ ಲೆಕ್ಕದಂತೆ ನಡೆದಿದ್ದರೆ ಎರಡನೆಯ ಬಿರಡೆ ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತಿತ್ತು. ಹಲಗೆಯನ್ನು ಒರೆಸಿ ಮತ್ತೆ ಬರೆಯಲು ಸೀಮೆಸುಣ್ಣವನ್ನು ಆಕೆಯ ಕೈಗೇ ಕೊಟ್ಟೆ.

ಎರಡನೆಯ ಮತ್ತು ಮೂರನೆಯ ಶನಿವಾರ ಕಟ್ಟುವ ಕೆಲಸ. ಮಾಡಿಕೊಳ್ಳಬಯಸುವವರಿಗಾಗಿ ಅಳತೆಗಳನ್ನು ಬರೆಯುತ್ತೇನೆ. ತಳಪಟ್ಟಿಗೆ 50 ಮಿ.ಮೀ. ಅಗಲ, 10 ಮಿ.ಮೀ. ದಪ್ಪ, 300 ಮಿ.ಮೀ. ಉದ್ದದ ಉಕ್ಕಿನ ಫ್ಲಾಟ್. ಎರಡು ಎಲ್ ಆಂಗಲ್ ತುಂಡುಗಳ ಮೂಲಕ ಅದನ್ನು ಲೇತಿನ ಹಾಸಿನ ಹಿಂಬದಿಗೆ 6 ಮಿ.ಮೀ. ಬೋಲ್ಟುಗಳಿಂದ ಬಿಗಿಯಬೇಕು. ಹಾಸು ಬೀಡುಕಬ್ಬಿಣದ್ದು, 5 ಮಿ.ಮೀ. ರಂಧ್ರ ಕೊರೆದು ಟ್ಯಾಪ್ ಹಾಕಬೇಕು, ಕೊರೆಯುವಾಗ ಎಣ್ಣೆ ಬೇಡ. ದಾರಿಪಟ್ಟಿಗೆ 25ಕ್ಕೆ 12 ಮಿ.ಮೀ.ನ ನುಣುಪು ಮೈಯ ಉಕ್ಕಿನ ಪಟ್ಟಿ, 260 ಮಿ.ಮೀ. ಉದ್ದ. ಅದರ ಮೇಲೆ ಜಾರುವ ಪಾದಕ್ಕೆ ಹಿತ್ತಾಳೆಯ ದಿಮ್ಮಿ; ಅದರಲ್ಲಿ ಪಟ್ಟಿ ಕೂರುವಷ್ಟು ಗಾಡಿ, ಸವೆದಾಗ ಬಿಗಿಮಾಡಲು ಪಕ್ಕದಲ್ಲೊಂದು ತೆಳು ಪಟ್ಟಿ ಮತ್ತು ಎರಡು ತಿರುಪು. ಪಾದವನ್ನು ಕ್ರಾಸ್ ಸ್ಲೈಡಿಗೆ ಸೇರಿಸುವ ತೋಳು 20ಕ್ಕೆ 10ರ ಫ್ಲಾಟ್. ಪಾದ ಮತ್ತು ತೋಳು ಕೂಡುವ 8 ಮಿ.ಮೀ. ಪಿನ್ನು ತಿರುಗಬೇಕು, ಆದರೆ ಅಲುಗಬಾರದು. ಆ ರಂಧ್ರವನ್ನು ಡ್ರಿಲ್ಲಿನಲ್ಲೇ ಮುಗಿಸದೆ ರೀಮರ್ ಹಾಕಿಸಿದೆ. ಜೋಡಣೆಯ ನಿಖರತೆಯೆಲ್ಲ ಈ ಒಂದು ಪಿನ್ನಿನಲ್ಲಿದೆ.

ಕ್ರಾಸ್ ಸ್ಲೈಡಿನ ನಟ್ಟನ್ನು ಬಿಚ್ಚಿದ ಮೇಲೆ ಟೂಲನ್ನು ಒಳಕ್ಕೆ ಕೊಡುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಕಾಂಪೌಂಡ್ ಸ್ಲೈಡನ್ನು ಕ್ರಾಸ್ ಸ್ಲೈಡಿನ ದಿಕ್ಕಿಗೇ ತಿರುಗಿಸಿಟ್ಟು, ಅದರ ಹಿಡಿಯಿಂದ ಕಡಿತದ ಆಳವನ್ನು ಕೊಡಬೇಕು. ಮೊದಲ ಬಿರಡೆಯನ್ನು ಕೆಡಿಸಿದ ಸ್ಲೈಡಿಗೆ ಹೀಗೊಂದು ಸರಿಯಾದ ಕೆಲಸ ಸಿಕ್ಕಿತು.

5 ಮಿ.ಮೀ. ಸರಿಸಲು ಅಳತೆಗಟ್ಟಿ ಬೇಕೆಂದೇನಿಲ್ಲ. 5 ಮಿ.ಮೀ. ಡ್ರಿಲ್ಲಿನ ನುಣುಪಾದ ದಂಡವನ್ನು ಪಿನ್ನಿಗೂ ತಡೆಗಟ್ಟಿಗೂ ನಡುವೆ ಇಟ್ಟು ಬಿಗಿದೆವು. ಬಿರಡೆಯ ದಪ್ಪ ತುದಿ ಚಕ್ಕಿನ ಬದಿಗಿರುವುದರಿಂದ ಪಟ್ಟಿಯ ಆ ತುದಿ ನಮ್ಮತ್ತ ಸರಿದಿರಬೇಕು. ತಿರುಗಾಮುರುಗಾ ಆದರೆ ಇಳಿತವೂ ತಿರುಗುತ್ತದೆ. ಅಂತಿಮ ತೀರ್ಪು ಮಾತ್ರ ಡಯಲ್ ಗೇಜಿನದು. ಗೇಜನ್ನು ಕ್ಯಾರೇಜಿಗೆ ಹಿಡಿಸಿ, ಅದರ ಮೊನೆಯನ್ನು ದಾರಿಪಟ್ಟಿಗೆ ತಾಗಿಸಿ, ಕ್ಯಾರೇಜನ್ನು 40 ಮಿ.ಮೀ. ಸಾಗಿಸಿದರೆ ಮುಳ್ಳು ಸರಿಯಾಗಿ 1 ಮಿ.ಮೀ. ತೋರಬೇಕು. ನಮಗೆ ಮೊದಲು ಬಂದದ್ದು 0.97. ಬೋಲ್ಟು ಸಡಿಲಿಸಿ, ತೆಳು ಹಾಳೆಯ ತುಂಡನ್ನು ಸೇರಿಸಿ, ನಾಲ್ಕನೆಯ ಪ್ರಯತ್ನಕ್ಕೆ 1.00 ಬಂತು. ಕೋನವನ್ನು ಉದ್ದದಲ್ಲಿ ಅಳೆಯುವುದೆಂದರೆ ಇದೇ. ಮಕ್ಕಳು ಪ್ರತಿ ಓದನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ತಪ್ಪಿದ ಮೂರನ್ನೂ ಬರೆದುಕೊಳ್ಳಿರೆಂದು ನಾನೇ ಹೇಳಿದೆ.

ನಾಲ್ಕನೆಯ ಶನಿವಾರ ಕಡೆಯುವ ದಿನ. ಲೇತಿನ ಬಳಿ ಹೋಗುವ ಮುನ್ನ ಕೆಲವು ಕಟ್ಟಳೆಗಳಿವೆ; ಅವಕ್ಕೆ ವಿನಾಯಿತಿ ಇಲ್ಲ. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ಕೂಡದು. ನಾನು ಕೋರ್ಟಿನಿಂದ ಬಂದವನು ಕೊರಳಪಟ್ಟಿಯನ್ನು ಕಳಚಿಯೇ ಒಳಗೆ ಹೋಗುತ್ತೇನೆ. ಕಣ್ಣಿಗೆ ಕನ್ನಡಕ, ಬೀಟೆಯ ಧೂಳು ಉಸಿರಿಗೆ ಒಳ್ಳೆಯದಲ್ಲವಾದ್ದರಿಂದ ಮೂಗಿಗೆ ಮುಸುಕು. ಚಕ್ಕಿನ ಕೀಲಿಯನ್ನು ಕೈಯಲ್ಲಿ ಹಿಡಿದಿರುವವರು ಸ್ವಿಚ್ ಮುಟ್ಟಬಾರದು. ಮಕ್ಕಳು ಒಂದು ಮಾರು ದೂರ ನಿಂತು ನೋಡಿದರು. ಯಂತ್ರ ನಡೆಸಿದ್ದು ಹಿರಿಯ ಟರ್ನರ್ ಮತ್ತು ನಾನು.

ಹಳೆಯ ಮಂಚದ ಕಾಲಿನಿಂದ ತೆಗೆದ ಬೀಟೆಯ ತುಂಡನ್ನು ಚಕ್ಕಿನಲ್ಲಿ ಹಿಡಿದು, ಇನ್ನೊಂದು ತುದಿಗೆ ಟೇಲ್‌ಸ್ಟಾಕಿನ ಆಸರೆ ಕೊಟ್ಟೆವು. ಟೂಲಿನ ಮೊನೆ ತಿರುಗುವ ಅಕ್ಷದ ಎತ್ತರಕ್ಕೇ ಇರಬೇಕು. ಮೇಲೋ ಕೆಳಗೋ ಆದರೆ ಪಟ್ಟಿ ಎಷ್ಟು ನಿಖರವಾಗಿದ್ದರೂ ಇಳಿತ ಕೆಡುತ್ತದೆ, ಮೈ ನೇರವಾಗಿರದೆ ಕೊಂಚ ಒಳಬಾಗುತ್ತದೆ. ಮತ್ತೊಂದು ಎಚ್ಚರ, ಕೀಲುಗಳಲ್ಲಿ ಉಳಿದಿರುವ ಸಣ್ಣ ಸಡಿಲ. ಕ್ಯಾರೇಜು ಹೊರಟ ಮೊದಲ ಕೆಲವು ಮಿಲಿಮೀಟರಿನಲ್ಲಿ ಆ ಸಡಿಲ ಬಿಗಿಯುವವರೆಗೆ ಟೂಲ್ ಇಳಿತವಿಲ್ಲದೆ ಸಾಗುತ್ತದೆ. ಆದ್ದರಿಂದ ಸಣ್ಣ ತುದಿಯಲ್ಲಿ 15 ಮಿ.ಮೀ. ಹೆಚ್ಚುವರಿ ಮರವನ್ನು ಉಳಿಸಿಕೊಂಡು, ಪ್ರತಿ ಕಡಿತವನ್ನೂ ಅಲ್ಲಿಂದಲೇ ಆರಂಭಿಸಿದೆವು. ಕೊನೆಗೆ ಆ ತುದಿಯನ್ನು ಕತ್ತರಿಸಿ ಎಸೆದರಾಯಿತು.

ಕೊನೆಯ ಹಂತದಲ್ಲಿ ತಾಳ್ಮೆ ಬೇಕು. 20ಕ್ಕೆ 1ರ ಇಳಿತದಲ್ಲಿ ವ್ಯಾಸವನ್ನು 0.05 ಮಿ.ಮೀ. ತಗ್ಗಿಸಿದರೆ ಬಿರಡೆ 1 ಮಿ.ಮೀ. ಒಳಕ್ಕೆ ಇಳಿಯುತ್ತದೆ. ಅಂದರೆ ಟೂಲ್ ಮುಂದೆ ಹೋಗಬೇಕಾದದ್ದು ಅದರ ಅರ್ಧ, 0.025 ಮಿ.ಮೀ. ಅವಸರಪಟ್ಟವನ ಬಿರಡೆ ರಂಧ್ರವನ್ನು ದಾಟಿ ಆಚೆಗೆ ಹೋಗುತ್ತದೆ. ಈ ಬಾರಿ ಉಪ್ಪುಕಾಗದವನ್ನು ಮುಟ್ಟಲಿಲ್ಲ. ಹರಿತವಾದ ಟೂಲಿನ ಮೈಯೇ ಸಾಕಷ್ಟು ನುಣುಪಾಗಿತ್ತು.

ಬಿರಡೆಯ ಮೈಗೆ ಸೀಮೆಸುಣ್ಣ ಸವರಿ, ರಂಧ್ರದಲ್ಲಿಟ್ಟು ಹಗುರಾಗಿ ಒಂದು ಸುತ್ತು ತಿರುಗಿಸಿ ಹೊರತೆಗೆದೆವು. ಎಲ್ಲಿ ತಾಗಿದೆಯೋ ಅಲ್ಲಿ ಸುಣ್ಣ ಅಳಿಸಿಹೋಗಿರುತ್ತದೆ. ಎರಡೂ ಗೋಡೆಗಳ ಜಾಗದಲ್ಲಿ, ಸುತ್ತಲೂ ಸಮನಾದ ಎರಡು ಕಪ್ಪು ಪಟ್ಟಿಗಳು ಕಂಡವು. ಮಕ್ಕಳಿಗಿಂತ ಮೊದಲು ಟರ್ನರ್ ತಲೆಯಾಡಿಸಿದರು. ತಲೆಯ ಭಾಗವನ್ನು ಕೈಯಿಂದ ಕೆತ್ತಿ, ತಂತಿಗೆ ರಂಧ್ರ ಕೊರೆದು ಬಿರಡೆಯನ್ನು ಮುಗಿಸಿದೆ. ಜಾರಿದರೆ ಸೀಮೆಸುಣ್ಣ, ಬಿಗಿದು ತಿರುಗದಿದ್ದರೆ ಒಣ ಸಾಬೂನು ಸವರಬೇಕೆಂಬ ವಾದಕರ ಹಳೆಯ ಉಪಾಯವನ್ನೂ ಹೇಳಿಕೊಟ್ಟೆ.

ವೀಣೆಯನ್ನು ಕೊಟ್ಟ ಅಧ್ಯಾಪಕಿಯವರನ್ನು ಶಾಲೆಗೆ ಕರೆಸಿದ್ದರು. ಅವರು ಏಳು ತಂತಿಗಳನ್ನೂ ಶ್ರುತಿ ಮಾಡಿ, ಹೊಸ ಬಿರಡೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾದರು. ಅದು ಹೊರಳಲಿಲ್ಲ. ಅನಂತರ ಬಿರುಕಿನ ಮೇಲೆ ಬೆರಳಾಡಿಸಿ ನನ್ನತ್ತ ನೋಡಿದರು. ವಿಷಯ ಅವರಿಗೆ ಮೊದಲೇ ತಿಳಿದಿತ್ತು. “ಇದು ಇರಲಿ ಬಿಡಪ್ಪ, ಮಕ್ಕಳು ಕೇಳಿದಾಗ ಹೇಳೋಕೆ ಒಂದು ಕಥೆ ಆಯ್ತು” ಎಂದರು. ಮುಂದಿನ ಸೋಮವಾರದ ಪ್ರಾರ್ಥನೆಗೆ ವೀಣೆ ಬೀರುವಿನಿಂದ ಕೆಳಗಿಳಿಯಿತು.

ನನ್ನ ಕಚೇರಿಗೆ ಬರುವ ಪೋಷಕರಲ್ಲಿ ಅನೇಕರು ಕೇಳುವುದುಂಟು: ಕನ್ನಡದಲ್ಲಿ ಗಣಿತ ಓದಿದ ಮಕ್ಕಳಿಗೆ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಕಷ್ಟವಾಗದೇ? ಹೊಸ ಪದಗಳ ಕಷ್ಟ ಒಂದಷ್ಟು ದಿನ ಇದ್ದೇ ಇರುತ್ತದೆ. ಇಲ್ಲವೆಂದು ನಾನು ಹೇಳಲಾರೆ. ಆದರೆ ಆ ಶನಿವಾರ ವಕೀಲನ ತಪ್ಪನ್ನು ಹಿಡಿದ ಹುಡುಗಿಗೆ ಟೇಪರ್ ಎಂಬ ಪದವೇ ಅದುವರೆಗೆ ಗೊತ್ತಿರಲಿಲ್ಲ. ವ್ಯಾಸವೆಂದರೇನು, ತ್ರಿಜ್ಯವೆಂದರೇನು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಪದವನ್ನು ಆಕೆ ಅರ್ಧ ನಿಮಿಷದಲ್ಲಿ ಕಲಿತಳು.

ನಿಮ್ಮ ಮನೆಯಲ್ಲಿ ಯಾರಾದರೂ ಲೇತಿನ ಕೆಲಸದವರಿದ್ದರೆ, ಈ ಭಾನುವಾರ ಮಕ್ಕಳು ಅವರ ಪಕ್ಕ ಕುಳಿತು ಒಂದು ಬಾಟಲಿಯ ಬಿರಡೆಯನ್ನು ಅಳೆಯಲಿ: ಎರಡು ತುದಿಗಳ ವ್ಯಾಸ, ನಡುವಿನ ಉದ್ದ. ಇಳಿತ ಎಷ್ಟಕ್ಕೆ ಎಷ್ಟು, ಟೂಲನ್ನು ಎಷ್ಟು ಓರೆಯಾಗಿಡಬೇಕು ಎಂಬುದನ್ನು ಮಕ್ಕಳೇ ಲೆಕ್ಕ ಮಾಡಲಿ. ಉತ್ತರ ಸರಿಯೇ ಎಂದು ಹಿರಿಯರು ಹೇಳಲಿ. ಅರ್ಧ ಮಾಡುವುದನ್ನು ಮರೆತರೆ ನನ್ನನ್ನು ನೆನೆಯಿರಿ. ಶಾಲೆಯ ಹಿತ್ತಾಳೆಯ ನೀರಿನ ಹಂಡೆಯ ನಲ್ಲಿಯೂ ತೊಟ್ಟಿಕ್ಕುತ್ತಿದೆಯಂತೆ. ಅದರೊಳಗಿನ ತಿರುಗುಬಿರಡೆಯೂ ಟೇಪರೇ. ದಾರಿಪಟ್ಟಿಯನ್ನು ನಾನಿನ್ನೂ ಬಿಚ್ಚಿಲ್ಲ.